ಜೂನ್ ಮೊದಲ ವಾರ ಅಲಾಸ್ಕಾ: ಹೋಗಿ ಬಂದವರು ಹೇಳಿ

ಕೇಳಿದವರು, ಚಿಕಾಗೊ: ಅಪ್ಪ ಅಮ್ಮ ಮೈಸೂರಿನಿಂದ ಬಂದಿದ್ದಾರೆ. ಜೂನ್ ಮೊದಲ ವಾರ ಫೇರ್‌ಬ್ಯಾಂಕ್ಸ್‌ಗೆ ಟಿಕೆಟ್ ಆಗಿದೆ. ಅಮ್ಮನಿಗೆ ಮಂಡಿನೋವು. ಡಾಲ್ಟನ್ ಹೆದ್ದಾರಿ ಹಿಡಿದು ಉತ್ತರಕ್ಕೆ ಹೋಗುವುದಾ, ಡೆನಾಲಿ ರಾಷ್ಟ್ರೀಯ ಉದ್ಯಾನ ಒಂದೇ ಸಾಕಾ?

ಸಿಯಾಟಲ್: ಡಾಲ್ಟನ್‌ಗೇ ಹೋಗಿ. ಕೈ ಸುಟ್ಟುಕೊಂಡವನು ಹೇಳುತ್ತಿದ್ದೇನೆ. ಮಾಮೂಲಿ ಬಾಡಿಗೆ ಕಾರು ಅಲ್ಲಿಗೆ ಒಯ್ಯಲು ಬಿಡುವುದಿಲ್ಲ ಅಂತ ಜಲ್ಲಿ ರಸ್ತೆಯ ಗಾಡಿ ತೆಗೆದುಕೊಂಡೆವು. ನಾಲ್ಕು ದಿನಕ್ಕೆ 1,340 ಡಾಲರ್, ಎರಡು ಸ್ಟೆಪ್ನಿ ಸೇರಿ. ಎರಡೂ ಬೇಕಾದವು. ಲಾರಿಯಿಂದ ಸಿಡಿದ ಕಲ್ಲಿಗೆ ಮುಂದಿನ ಗಾಜು ಹೋಯಿತು, 480 ಡಾಲರ್. ಮಧ್ಯದ ಪುಟ್ಟ ಊರು ಕೋಲ್ಡ್‌ಫುಟ್ ದಾಟಿದರೆ ಮುಂದೆ 240 ಮೈಲಿ ಪೆಟ್ರೋಲ್ ಇಲ್ಲ. ಹೆದ್ದಾರಿಯ 414 ಮೈಲಿ ಓಡಿಸಿ ಅದು ಮುಗಿಯುವ ಡೆಡ್‌ಹಾರ್ಸ್ ಮುಟ್ಟಿದರೆ ಸಮುದ್ರಕ್ಕೆ ಬಿಡಲಿಲ್ಲ. ಎಣ್ಣೆ ಬಾವಿಗಳ ಜಾಗ ಅದು. ಒಂದು ದಿನ ಮೊದಲೇ ಟೂರ್ ಬುಕ್ ಮಾಡಿ ಗುರುತಿನ ವಿವರ ಕೊಟ್ಟಿರಬೇಕಂತೆ. ಆರ್ಕ್‌ಟಿಕ್ ಸಾಗರಕ್ಕೆ ಬೆನ್ನು ಹಾಕಿ ಬಂದೆ. ಈಗಲೂ ಹೊಟ್ಟೆ ಉರಿಯುತ್ತದೆ. ಆದರೆ ರಾತ್ರಿ ಒಂದು ಗಂಟೆಗೆ, ಬಿಸಿಲಿನಲ್ಲಿ, ಕರುಗಳ ಜೊತೆ ಮಸ್ಕ್ ಆಕ್ಸ್ ಅನ್ನುವ ಉದ್ದ ಕೂದಲಿನ ಕಾಡುಪ್ರಾಣಿಗಳ ಹಿಂಡು ನೋಡಿದೆವು. ನಮ್ಮಪ್ಪ ಅರ್ಧ ಗಂಟೆ ಮಾತೇ ಆಡಲಿಲ್ಲ.

ಆಸ್ಟಿನ್: ವಯಸ್ಸಾದವರನ್ನು ಆ ಜಲ್ಲಿಯಲ್ಲಿ ಕುಲುಕಿಸಿಕೊಂಡು ಹೋಗಿದ್ದನ್ನು ಹೆಮ್ಮೆಯಿಂದ ಹೇಳಬೇಡಿ. ನಾನು ಡೆನಾಲಿಗೆ ಮೂರು ಸಲ ಹೋಗಿದ್ದೇನೆ. ಮೊದಲೆರಡು ಸಲ ಬರೀ ಮೋಡ. ವಿಮಾನ, ರೂಮು, ಬಸ್ಸು ಎಲ್ಲ ಸೇರಿ 7,000 ಡಾಲರ್ ಹೋಯಿತು, ಬೆಟ್ಟ ಕಾಣಲಿಲ್ಲ. ಉದ್ಯಾನದ ಒಳಗಿನ ರಸ್ತೆ 92 ಮೈಲಿ ಇದ್ದರೂ 2021ರಲ್ಲಿ ಪ್ರೆಟಿ ರಾಕ್ಸ್ ಹತ್ತಿರ ನೆಲ ಜಾರಿತು. ಆಮೇಲೆ ನಾವು ಹೋದಾಗ ಬಸ್ಸು 43ನೇ ಮೈಲಿಯಲ್ಲೇ ತಿರುಗಿತು. ಮೂರನೇ ಸಲ ಬೆಳಗಿನ ಜಾವ ನಾಲ್ಕಕ್ಕೆ ಎದ್ದು 9ನೇ ಮೈಲಿಗೆ ಹೋದೆ. 20,310 ಅಡಿಯ ಬೆಟ್ಟ ಪೂರ್ತಿ ನಿಂತಿತ್ತು, ಗುಲಾಬಿ ಬಣ್ಣದಲ್ಲಿ. ಇಪ್ಪತ್ತು ನಿಮಿಷ ಅಷ್ಟೇ. ಸೊಳ್ಳೆ ಒಂದೂ ಇರಲಿಲ್ಲ.

ಸಿಯಾಟಲ್: ನಮ್ಮಪ್ಪನೇ ಕೇಳಿ ಬಂದದ್ದು ರೀ. ಅವರ ವಿಷಯ ನಿಮಗೆ ಬೇಡ. ಸೊಳ್ಳೆ ಇಲ್ಲ ಅನ್ನುವುದು ಶುದ್ಧ ಸುಳ್ಳು.

ಫೇರ್‌ಬ್ಯಾಂಕ್ಸ್‌ನಲ್ಲಿ ಆರು ವರ್ಷ ಇದ್ದವಳು: ಇಬ್ಬರೂ ಅರ್ಧ ಸರಿ. ಹಿಮ ಕರಗುವಾಗ ಮೊದಲು ಬರುವುದು ದಪ್ಪ, ಮಂದ ಸೊಳ್ಳೆಗಳು. ಚಳಿಗಾಲ ಕಳೆದು ಉಳಿದವು ಅವು. ಮುತ್ತುವ ಸಣ್ಣವು ಜೂನ್‌ನಲ್ಲಿ ಏರುತ್ತವೆ, ಒಂದು ವಾರ ಹಿಂದೆಮುಂದೆ ಆಗಬಹುದು. ಇನ್ನೊಂದು, ಡಾಲ್ಟನ್‌ನ ಉತ್ತರ ತುದಿಯ ಹಾಗಲ್ಲ, ಫೇರ್‌ಬ್ಯಾಂಕ್ಸ್‌ನಲ್ಲಿ ಸೂರ್ಯ ಮುಳುಗುತ್ತಾನೆ. ಮಧ್ಯರಾತ್ರಿ ದಾಟಿ ಹೋಗಿ ಮೂರರ ಸುಮಾರಿಗೆ ಬರುತ್ತಾನೆ, ಕತ್ತಲೆ ಮಾತ್ರ ಇಲ್ಲ. ಮೊದಲ ವರ್ಷ ಕಿಟಕಿಗೆ ಕಂಬಳಿ ಹೊಡೆದು ಮಲಗಿದೆ. ನಿದ್ದೆಯಿಲ್ಲದೆ ಒಂದು ಪರೀಕ್ಷೆ ಕೆಟ್ಟಿತು.

ನ್ಯೂಜೆರ್ಸಿ: ಊಟದ ವಿಷಯ ಯಾರೂ ಹೇಳಲಿಲ್ಲ. ನಾವು ಪುಟ್ಟ ಕುಕ್ಕರ್ ಒಯ್ದು ಡೆನಾಲಿಯ ರೈಲಿ ಕ್ರೀಕ್ ಕ್ಯಾಂಪ್‌ನಲ್ಲಿ ಅನ್ನ ಸಾರು ಮಾಡಿದೆವು. ಇಂಗಿನ ಒಗ್ಗರಣೆ ಹಾಕಿದ್ದೇ ತಡ, ಅಕ್ಕಪಕ್ಕದವರೆಲ್ಲ ಬಂದರು.

ಫೇರ್‌ಬ್ಯಾಂಕ್ಸ್‌ನಲ್ಲಿ ಆರು ವರ್ಷ ಇದ್ದವಳು: ಕರಡಿ ಬಂದಿದ್ದರೆ? ಜನರ ಊಟದ ರುಚಿ ಹತ್ತಿದ ಕರಡಿಯನ್ನು ಎಷ್ಟೋ ಸಲ ಕೊಲ್ಲಬೇಕಾಗುತ್ತದೆ. ನಿಮ್ಮ ಸಾರಿಗೆ ಅದು ಸಾಯಬೇಕಾ?

ನ್ಯೂಜೆರ್ಸಿ: ಪಾತ್ರೆ ತಕ್ಷಣ ತೊಳೆದು ಎಲ್ಲವನ್ನೂ ಕರಡಿ ತೆರೆಯಲಾಗದ ಪೆಟ್ಟಿಗೆಯಲ್ಲಿ ಇಟ್ಟೆವು. ನಿಯಮ ನನಗೂ ಗೊತ್ತು. ನಾಲ್ಕು ದಿನ ಬ್ರೆಡ್ ತಿಂದ ಅತ್ತೆಗೆ ಬಿಸಿ ಸಾರು ಬಡಿಸಿದ್ದಕ್ಕೆ ನಾನು ಯಾರ ಕ್ಷಮೆಯನ್ನೂ ಕೇಳುವುದಿಲ್ಲ.