ಸಹಾಯ ಬೇಕು: ಪವರ್ ಬಿಐಯಲ್ಲಿ ಇನ್ನೂ ಬಾರದ ತಿಂಗಳಿಗೂ ಕೆಂಪು ಬಣ್ಣ

ಎಲ್ಲರಿಗೂ ನಮಸ್ಕಾರ. ಪವರ್ ಬಿಐ (ದತ್ತಾಂಶದಿಂದ ವರದಿ ತಯಾರಿಸುವ ಮೈಕ್ರೋಸಾಫ್ಟ್ ತಂತ್ರಾಂಶ) ವರದಿಯೊಂದರ ಜಿಲ್ಲಾವಾರು, ತಿಂಗಳುವಾರು ಮಾರಾಟದ ಮ್ಯಾಟ್ರಿಕ್ಸ್‌ನಲ್ಲಿ (ಸಾಲು–ಕಾಲಂಗಳ ಕೋಷ್ಟಕ), ಮಾರಾಟ ಗುರಿಯ ಶೇ 90ಕ್ಕಿಂತ ಕಡಿಮೆಯಾದರೆ ಕೆಂಪು, ಇಲ್ಲದಿದ್ದರೆ ಹಸಿರು ಬಣ್ಣದ ಕೋಡ್ ಕೊಡುವ ಮೆಷರ್ (ಲೆಕ್ಕದ ಸೂತ್ರ) ಬರೆದು, ಕೋಶಗಳ ಹಿನ್ನೆಲೆ ಬಣ್ಣಕ್ಕೆ ‘ಫೀಲ್ಡ್ ವ್ಯಾಲ್ಯೂ’ ಆಯ್ಕೆಯ ಮೂಲಕ ಜೋಡಿಸಿದ್ದೇನೆ. ಹೋಲಿಕೆ ಮಾಡುವಾಗ ಡ್ಯಾಕ್ಸ್ (ಪವರ್ ಬಿಐಯ ಸೂತ್ರಭಾಷೆ) ಖಾಲಿ ಮೌಲ್ಯವನ್ನು ಸೊನ್ನೆಯೆಂದೇ ಎಣಿಸುವುದರಿಂದ ಮುಂದಿನ ತಿಂಗಳುಗಳೆಲ್ಲ ಕೆಂಪಾಗುತ್ತಿವೆ.

ಮೌಲ್ಯ ಖಾಲಿಯಿದ್ದರೆ ಬಣ್ಣ ಬೇಡವೆಂದು ‘ಈಸ್‌ಬ್ಲ್ಯಾಂಕ್’ (ಖಾಲಿಯೇ ಎಂದು ಪರೀಕ್ಷಿಸುವ ಫಂಕ್ಷನ್) ಷರತ್ತು ಸೇರಿಸಿದೆ. ಆಗ, ಕಳೆದ ತಿಂಗಳು ಒಂದು ರೂಪಾಯಿಯ ವ್ಯಾಪಾರವೂ ಆಗದೆ ಮೌಲ್ಯ ಖಾಲಿಯೇ ಉಳಿದ ಜಿಲ್ಲೆಯ ಕೆಂಪು ಕೂಡ ಅಳಿಸಿಹೋಯಿತು. ವ್ಯವಸ್ಥಾಪಕರ ಕಣ್ಣಿಗೆ ಮೊದಲು ಬೀಳಬೇಕಾದದ್ದೇ ಆ ಕೋಶ!

ಇಡೀ ಕೋಷ್ಟಕದ ಕೊನೆಯ ಮಾರಾಟದ ದಿನಾಂಕವನ್ನು ‘ಆಲ್’ (ಫಿಲ್ಟರ್‌ಗಳನ್ನು ಕಡೆಗಣಿಸುವ ಫಂಕ್ಷನ್) ಬಳಸಿ ಪಡೆದು, ಆಯಾ ತಿಂಗಳ ಮೊದಲ ದಿನದೊಂದಿಗೆ ಹೋಲಿಸಿದರೆ ಸಾಕೇ? ವರ್ಷದ ಒಟ್ಟು ಕಾಲಂನಲ್ಲಿಯೂ ಬಾರದ ತಿಂಗಳುಗಳ ಗುರಿ ಸೇರಿಕೊಂಡು ಶೇಕಡಾವಾರು ಕುಸಿಯುತ್ತಿದೆ. ಇಂಥದ್ದನ್ನು ಬಗೆಹರಿಸಿದವರು ದಯವಿಟ್ಟು ಸೂತ್ರ ತಿಳಿಸಿ. ಸೋಮವಾರ ವರದಿ ಒಪ್ಪಿಸಬೇಕಾಗಿದೆ.