ಮೂಟೆ ಎತ್ತುವವರಿಗೆ ಬ್ಯಾಟರಿ ಎಕ್ಸೋಸೂಟ್: ಟ್ರೈನಿಂಗ್ ಹೇಗೆ ಕೊಡಬೇಕು?

ಗೋಡೌನ್_ಹಾಸನ
ಎಲ್ಲರಿಗೂ ನಮಸ್ಕಾರ. ಹಾಸನದ ಒಂದು ಕಾಫಿ ಕ್ಯೂರಿಂಗ್‌ನಲ್ಲಿ (ಕಾಫಿಯ ಹೊಟ್ಟು ತೆಗೆದು ಬೀಜ ವಿಂಗಡಿಸುವ ಕಾರ್ಖಾನೆ) ಗೋಡೌನ್ ಸೂಪರ್‌ವೈಸರ್ ಆಗಿದ್ದೇನೆ. ನಮ್ಮಲ್ಲಿ 14 ಜನ ಹಮಾಲಿಗಳು. ತೋಟದಿಂದ ಬರುವ ಮೂಟೆ 50 ಕೆಜಿ, ಎಕ್ಸ್‌ಪೋರ್ಟ್‌ಗೆ ಹೋಗುವುದು 60 ಕೆಜಿ. ಮುಂದಿನ ವಾರ ಟ್ರಯಲ್‌ಗೆ ಎರಡು ಎಕ್ಸೋಸೂಟ್, ಅಂದರೆ ಮೈಗೆ ಕಟ್ಟಿಕೊಳ್ಳುವ ಯಂತ್ರ, ಬರುತ್ತಿವೆ. ಸೊಂಟದ ಹತ್ತಿರ ಮೋಟರ್, ತೊಡೆಗೆ ಪಟ್ಟಿ, ಬೆನ್ನಿಗೆ ಬ್ಯಾಟರಿ. ಬಗ್ಗಿ ಏಳುವಾಗ ಮೋಟರ್ ಸೊಂಟಕ್ಕೆ ಬಲ ಕೊಡುತ್ತದೆ.

ಡೆಮೋದವರು ಅರ್ಧ ಗಂಟೆ ತೋರಿಸಿ ಹೋದರು. ನೆಲದಿಂದ ಎತ್ತುವುದು ಸಲೀಸಾಗಿತ್ತು. ಆದರೆ ನಮ್ಮವರು ಮೂಟೆ ಹೊರುವುದು ಬೆನ್ನ ಮೇಲೆ ಅಲ್ವಾ? ಮೂಟೆ ಹೋಗಿ ಬ್ಯಾಟರಿ ಮೇಲೇ ಕೂತಿತು. ಲಾರಿ ಹಲಗೆ ಹತ್ತುವಾಗ ಹುಡುಗ ಮುಗ್ಗರಿಸಿದ. ಪಕ್ಕದಲ್ಲೇ ಇದ್ದೆ, ಹಿಡಿದುಕೊಂಡೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಮ್ಮಪ್ಪನೂ ಮೂಟೆ ಹೊತ್ತವರೇ. 45ಕ್ಕೇ ಸೊಂಟ ಹೋಯಿತು. ಹಾಗಾಗಿ ಈ ಯಂತ್ರ ಉಪಯೋಗಕ್ಕೆ ಬರಲಿ ಅಂತ ನನಗೆ ನಿಜವಾಗಿಯೂ ಆಸೆ. ಎಷ್ಟು ದಿನ ಕಲಿಸಬೇಕು? ಯಾರಿಗೆ ಹಾಕಿಸಬಾರದು? ‘ಇನ್ಮೇಲೆ ಐದು ಜನರ ಕೆಲಸ ಮೂವರಿಗೆ ಸಾಕು’ ಅನ್ನುವ ಮಾತು ಆಫೀಸಿನಲ್ಲಿ ಆಗಲೇ ಶುರುವಾಗಿದೆ.

ಸೇಫ್ಟಿ_ಪೀಣ್ಯ
ಕೊನೆಯ ಮಾತನ್ನು ಮೊದಲೇ ತಡೆಯಿರಿ ಸರ್. ಸೂಟ್ ಸೊಂಟದ ಶ್ರಮ ಕಡಿಮೆ ಮಾಡುತ್ತದೆ, ಆದರೆ ಮೂಟೆಯ ತೂಕ ಅಷ್ಟೇ ಇರುತ್ತದೆ. ಮಂಡಿ, ಪಾದ, ಕೈ ಎಲ್ಲ ಅದನ್ನು ಹೊರಲೇಬೇಕು, ಸೂಟಿನ ತೂಕ ಬೇರೆ. ಕೆಲಸಗಾರರ ಸುರಕ್ಷತೆ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಯೋಷ್ (NIOSH) ಸಂಸ್ಥೆಯ 1991ರ ಲೆಕ್ಕದಲ್ಲಿ, ಎಲ್ಲ ಅನುಕೂಲ ಇದ್ದಾಗಲೂ ಕೈಯಲ್ಲಿ ಎತ್ತಲು 23 ಕೆಜಿಯೇ ಮಿತಿ. ನೀವು ಈಗಾಗಲೇ ಅದರ ಎರಡರಷ್ಟು ದಾಟಿದ್ದೀರಿ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ ನಮ್ಮ 1948ರ ಕಾರ್ಖಾನೆ ಕಾಯ್ದೆಯ 34ನೇ ಸೆಕ್ಷನ್ ಕೂಡ ಪೆಟ್ಟಾಗುವಷ್ಟು ಭಾರ ಹೊರಿಸಬಾರದು ಅನ್ನುತ್ತಿತ್ತು. ಆ 23 ಕೆಜಿ ಲೆಕ್ಕವನ್ನು ಆಫೀಸಿನಲ್ಲಿ ತೋರಿಸಿ.

ಹಲಗೆ ಮೇಲೆ, ಏಣಿ ಮೇಲೆ ಸೂಟ್ ಬೇಡವೇ ಬೇಡ. ತೂಕದ ಯಂತ್ರದ ಹತ್ತಿರ ಬಗ್ಗಿ ಎತ್ತಿ ಇಡುವ ಜಾಗಕ್ಕೆ ಮಾತ್ರ ಇಡಿ. ಬೆನ್ನ ಮೇಲೆ ಹೊರುವುದಕ್ಕೆ ಟ್ರಾಲಿ ಕೇಳಿ. ಓಡುವ ಬೆಲ್ಟು, ಪುಲ್ಲಿ ಹತ್ತಿರ ಪಟ್ಟಿ ಜೋತಾಡಬಾರದು.

ಫಿಸಿಯೋ_ಚಿಕ್ಕಮಗಳೂರು
ಹರ್ನಿಯಾ ಇದ್ದವರು, ಪೇಸ್‌ಮೇಕರ್ ಇದ್ದವರು, ಹೊಸದಾಗಿ ಆಪರೇಷನ್ ಆದವರು ಡಾಕ್ಟರಿಗೆ ತೋರಿಸದೆ ಹಾಕಬಾರದು. ಮೊದಲ ದಿನ ಖಾಲಿ ಕೈಯಲ್ಲಿ ನಡೆಯಲಿ, ಬಗ್ಗಲಿ, ಕೂತು ಏಳಲಿ. ಆಮೇಲೆ ಸಣ್ಣ ಭಾರ, ಅರ್ಧ ಗಂಟೆ. ದಿನ ದಿನ ಸ್ವಲ್ಪ ಹೆಚ್ಚಿಸಿ. ಮೋಟರಿನ ಎಳೆತ ಯಾವಾಗ ಬರುತ್ತದೆ ಅಂತ ಮೈಗೆ ಗೊತ್ತಾಗಬೇಕು. ಅದಕ್ಕೆ ಮುಂಚೆ ಪೂರ್ತಿ ಮೂಟೆ ಕೊಟ್ಟರೆ ಸಮತೋಲ ತಪ್ಪುತ್ತದೆ.

ಇಬ್ಬರು ಒಂದೇ ಸೂಟ್ ಹಾಕುವುದಾದರೆ ಪ್ರತಿ ಸಲ ಪಟ್ಟಿಯನ್ನು ಅವರವರ ಮೈಗೆ ಸರಿ ಮಾಡಿಕೊಳ್ಳಬೇಕು. ಸಂಜೆ ತೊಡೆ, ಸೊಂಟ ನೋಡಿ. ಚರ್ಮ ಕೆಂಪಾಗಿದ್ದರೆ, ಕಾಲು ಜೋಮು ಹಿಡಿದಿದ್ದರೆ ನಿಲ್ಲಿಸಿ. ‘ಏನಿಲ್ಲ ಬಿಡಿ ಸಾರ್’ ಅಂತಾರೆ, ನಂಬಬೇಡಿ. ಮೂಟೆ ಹೊರುವವರು ನನ್ನ ಹತ್ತಿರ ಬರುವುದೇ ಎದ್ದು ನಿಲ್ಲಲು ಆಗದಿದ್ದಾಗ.

ವೇರ್‌ಹೌಸ್_ಹುಡುಗ
ಬೆಂಗಳೂರಲ್ಲಿ ನಾನು ಎಂಟು ತಿಂಗಳು ಹಾಕಿದ್ದೇನೆ. ಬಿಚ್ಚುವುದನ್ನು ಮೊದಲು ಕಲಿಸಿ ಅಣ್ಣ. ಕಣ್ಣು ಮುಚ್ಚಿ, ಒಂದೇ ಕೈಯಲ್ಲಿ, ಬೇರೆ ಯಾರೂ ಮುಟ್ಟದೆ. ಒಮ್ಮೆ ಬೆಂಕಿ ಅಲಾರಂ ಹೊಡೆದಾಗ ನನಗೆ ಬಕಲ್ಲೇ ಸಿಗಲಿಲ್ಲ, ಕೈ ನಡುಗುತ್ತಿತ್ತು. ಬ್ಯಾಟರಿಯನ್ನು ಹೊಟ್ಟಿನ ಧೂಳಿಂದ ದೂರ ಚಾರ್ಜ್ ಮಾಡಿ. ಉಬ್ಬಿದ್ದರೆ ಮುಟ್ಟಬೇಡಿ.

ಗೋಡೌನ್_ಹಾಸನ
ಮೂವರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಎಲ್ಲರನ್ನೂ ಕೂರಿಸಿಕೊಂಡು ಇದನ್ನು ಓದಿ ಹೇಳಿದೆ. ಮುಗ್ಗರಿಸಿದ ಹುಡುಗನೇ ‘ಬಿಚ್ಚೋದು ನಾನು ಮೊದಲು ಕಲಿತೀನಿ’ ಅಂದ. ಮೊದಲ ವಾರ ಮೂಟೆ ಇಲ್ಲ, ಹಲಗೆ ಇಲ್ಲ ಅಂತ ಆಫೀಸಿಗೆ ಬರೆದು ಕೊಟ್ಟಿದ್ದೇನೆ. ಟ್ರಾಲಿಯನ್ನೂ ಕೇಳಿದ್ದೇನೆ. ಉತ್ತರ ಬಂದ ಮೇಲೆ ಇಲ್ಲೇ ಹಾಕುತ್ತೇನೆ.