ಸೋಲಾರ್, ಸ್ಮಾರ್ಟ್ ಮೀಟರ್, ಹ್ಯಾಕಿಂಗ್: ಗುಂಪಿನ ಪ್ರಶ್ನೋತ್ತರ

ನಮಸ್ಕಾರ. ನಾನು ಹಾಸನದವನು. ಸಬ್‌ಸ್ಟೇಷನ್‌ಗಳಲ್ಲಿ ರಿಲೇ ಟೆಸ್ಟಿಂಗ್, ಸ್ಕಾಡಾ (ದೂರದಿಂದಲೇ ಉಪಕರಣ ನೋಡಿ ನಡೆಸುವ ಕಂಪ್ಯೂಟರ್ ವ್ಯವಸ್ಥೆ) ಕೆಲಸ ಮಾಡಿಕೊಂಡು ಬಂದೆ, ಈಗ ಅದೇ ಜಾಗಗಳ ಕಂಪ್ಯೂಟರ್ ಭದ್ರತೆ ನೋಡುತ್ತೇನೆ. ಅಡ್ಮಿನ್ ಕೇಳಿದ್ದಕ್ಕೆ ಇವತ್ತು ಉತ್ತರ ಕೊಡಲು ಕೂತಿದ್ದೇನೆ. ಅಭಿಪ್ರಾಯ ನನ್ನದೇ, ಯಾವ ಕಂಪನಿಯ ಪರವಾಗಿಯೂ ಅಲ್ಲ.

ಪ್ರಶ್ನೆ (ಮೂಡಿಗೆರೆ): ಸರ್, ಮನೆ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದ್ದೇವೆ. ಸಬ್ಸಿಡಿ 78 ಸಾವಿರ ಬಂತು. ಪ್ಯಾನೆಲ್ ಕರೆಂಟನ್ನು ಮನೆ ಕರೆಂಟ್ ಮಾಡುವ ಇನ್ವರ್ಟರ್ ಚೀನಾದ್ದು. ಅದರೊಳಗೆ ಗೂಢಚಾರಿ ಚಿಪ್ ಇದೆ, ದೂರದಿಂದಲೇ ಆಫ್ ಮಾಡುತ್ತಾರೆ ಅಂತ ವಾಟ್ಸಾಪ್‌ನಲ್ಲಿ ಓಡಾಡ್ತಾ ಇದೆ. ಕಿತ್ತು ಹಾಕಬೇಕಾ?

ಉತ್ತರ: ಕೀಳಬೇಡಿ. ಆ ಸುದ್ದಿ ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. 2025ರ ಮೇ ತಿಂಗಳಲ್ಲಿ ರಾಯಿಟರ್ಸ್ ಒಂದು ವರದಿ ಮಾಡಿತು. ಅಮೆರಿಕದ ತಜ್ಞರು ಕೆಲವು ಚೀನಾ ಇನ್ವರ್ಟರ್‌ಗಳನ್ನು ಬಿಚ್ಚಿ ನೋಡಿದಾಗ, ಕಾಗದದಲ್ಲಿ ಎಲ್ಲೂ ಬರೆಯದ ಸಂಪರ್ಕ ಸಾಧನಗಳು ಸಿಕ್ಕವು ಅಂತ. ಯಾವ ಕಂಪನಿ, ಎಷ್ಟು ಇನ್ವರ್ಟರ್ ಅಂತ ಅದರಲ್ಲಿ ಇಲ್ಲ.

ಆದರೆ ಚಿಪ್ ಹುಡುಕುವ ಮೊದಲು ನಿಮ್ಮ ಇನ್ವರ್ಟರ್ ಕೆಳಗೆ ಒಮ್ಮೆ ನೋಡಿ. ಬೆರಳುದ್ದದ ಒಂದು ವೈಫೈ ಡಾಂಗಲ್ ಚುಚ್ಚಿರುತ್ತದೆ, ಹಸಿರು ಲೈಟ್ ಮಿಣುಕುತ್ತಾ ಇರುತ್ತದೆ. ನೀವು ಮೊಬೈಲ್‌ನಲ್ಲಿ ಇವತ್ತು ಎಷ್ಟು ಯೂನಿಟ್ ಬಂತು ಅಂತ ನೋಡ್ತೀರಲ್ವಾ, ಅದು ಈ ಡಾಂಗಲ್‌ನಿಂದ ಕಂಪನಿಯ ಸರ್ವರ್‌ಗೆ ಹೋಗಿ, ಅಲ್ಲಿಂದ ನಿಮ್ಮ ಫೋನಿಗೆ ಬರೋದು. ಹೆಚ್ಚಿನ ಮಾಡೆಲ್‌ಗಳಲ್ಲಿ ಅದೇ ದಾರಿಯಲ್ಲಿ ಸೆಟ್ಟಿಂಗ್ ಬದಲಾಯಿಸಬಹುದು, ಸಾಫ್ಟ್‌ವೇರ್ ಬದಲಾಯಿಸಬಹುದು, ಬಂದ್ ಕೂಡ ಮಾಡಬಹುದು. ಮುಂದಿನ ಬಾಗಿಲೇ ತೆರೆದಿದೆ. ಕಳ್ಳಗಿಂಡಿ ಯಾಕೆ ಬೇಕು?

ಇದು ಬರೀ ಚೀನಾ ಮಾಲಿನ ಕಥೆಯೂ ಅಲ್ಲ. 2025ರ ಮಾರ್ಚ್‌ನಲ್ಲಿ ಫೋರ್‌ಸ್ಕೌಟ್ ಅನ್ನುವ ಭದ್ರತಾ ಸಂಸ್ಥೆ ಸನ್‌ಗ್ರೋ, ಗ್ರೋವ್ಯಾಟ್, ಎಸ್‌ಎಂಎ ಈ ಮೂರು ಕಂಪನಿಗಳ ಸೋಲಾರ್ ವ್ಯವಸ್ಥೆಯಲ್ಲಿ 46 ದೋಷ ಹಿಡಿಯಿತು. ಕೆಲವು ದೋಷಗಳಿಂದ ಬೇರೆಯವರ ಖಾತೆಯೊಳಗೇ ನುಗ್ಗಬಹುದಿತ್ತು. ಎಸ್‌ಎಂಎ ಜರ್ಮನಿಯದ್ದು. ಇನ್ನೊಂದು ಘಟನೆ ನನಗೆ ಇದಕ್ಕಿಂತ ಮುಖ್ಯ ಅನಿಸಿದ್ದು. 2024ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಒಂದು ಚೀನಾ ಕಂಪನಿಯ ಇನ್ವರ್ಟರ್‌ಗಳು ಇದ್ದಕ್ಕಿದ್ದಂತೆ ನಿಂತವು, ಇಲ್ಲಿ ಬಳಸಲು ಅನುಮತಿ ಇಲ್ಲ ಅಂತ ಪರದೆ ಮೇಲೆ ಬರಹ ಬಂತು. ಯುದ್ಧ ಅಲ್ಲ, ಗೂಢಚರ್ಯೆ ಅಲ್ಲ, ಮಾರಾಟದ ಹಕ್ಕಿನ ಜಗಳ ಅಂತ ಆಮೇಲೆ ವರದಿಯಾಯಿತು. ದುಡ್ಡು ಕೊಟ್ಟು ಕೊಂಡವರ ಮನೆ ಗೋಡೆ ಮೇಲಿನ ಯಂತ್ರ ಯಾರದೋ ವ್ಯಾಪಾರದ ಜಗಳಕ್ಕೆ ನಿಂತುಹೋಗುತ್ತೆ ಅಂದ್ರೆ ಅದು ಯಾರದು ಸ್ವಾಮಿ?

ಲಿಥುವೇನಿಯಾದವರು ಬುದ್ಧಿವಂತಿಕೆ ಮಾಡಿದರು. 100 ಕಿಲೋವ್ಯಾಟ್‌ಗಿಂತ ದೊಡ್ಡ ಸೋಲಾರ್, ಗಾಳಿ, ಬ್ಯಾಟರಿ ಘಟಕಗಳಿಗೆ ಚೀನಾ ಕಂಪನಿಗಳು ದೂರದಿಂದ ಕೈ ಹಾಕುವಂತಿಲ್ಲ ಅಂತ 2024ರಲ್ಲೇ ಕಾನೂನು ತಂದರು. ಯಂತ್ರ ಬೇಕು, ರಿಮೋಟ್ ಮಾತ್ರ ನಮ್ಮ ಕೈಯಲ್ಲಿರಲಿ ಅಂದರು.

ನೀವು ಮಾಡಬೇಕಾದ್ದು ಇಷ್ಟೇ. ಆ್ಯಪ್ ತೆರೆದು ಪ್ಲಾಂಟಿನ (ನಿಮ್ಮ ಸೋಲಾರ್ ಘಟಕಕ್ಕೆ ಆ್ಯಪ್‌ನಲ್ಲಿ ಹೀಗಂತಾರೆ) ಮಾಲೀಕರ ಖಾತೆ ಯಾರ ಹೆಸರಲ್ಲಿದೆ ನೋಡಿ. ಡಾಂಗಲ್ ತನ್ನದೇ ಒಂದು ವೈಫೈ ಬಿಡುತ್ತೆ, ಅದರ ಪಾಸ್‌ವರ್ಡ್ ಎಷ್ಟೋ ಕಡೆ ಒಂದರಿಂದ ಎಂಟರವರೆಗಿನ ಅಂಕಿಗಳೇ, ಬದಲಾಯಿಸಿ. ರೂಟರ್‌ನಲ್ಲಿ ಗೆಸ್ಟ್ ವೈಫೈ ಇದ್ದರೆ ಡಾಂಗಲ್ ಅದಕ್ಕೆ ಹಾಕಿ. ಡಾಂಗಲ್ ಕಿತ್ತರೂ ಸಾಮಾನ್ಯವಾಗಿ ಕರೆಂಟ್ ಬರೋದು ನಿಲ್ಲಲ್ಲ. ಆದರೆ ವಾರಂಟಿ ಷರತ್ತು ಏನಿದೆ ಅಂತ ಮೊದಲು ವೆಂಡರ್ ಹತ್ತಿರ ಕೇಳಿಕೊಳ್ಳಿ.

ಅದೇ ಮೂಡಿಗೆರೆ ಸದಸ್ಯರು: ಸರಿ ಸರ್. ಆದರೆ ನಮ್ಮ ಮೂರು ಕಿಲೋವ್ಯಾಟ್ ಹ್ಯಾಕ್ ಮಾಡಿ ಯಾರಿಗೆ ಏನು ಸಿಗುತ್ತೆ?

ಉತ್ತರ: ನಿಮ್ಮದೊಂದೇ ಆದರೆ ಏನೂ ಸಿಗಲ್ಲ. ಒಂದೇ ಸರ್ವರ್ ಕೆಳಗೆ ಅಂಥ ಒಂದು ಲಕ್ಷ ಮನೆ ಇದ್ದರೆ 300 ಮೆಗಾವ್ಯಾಟ್ ಆಯ್ತು. ನಮ್ಮ ಗ್ರಿಡ್, ಅಂದ್ರೆ ವಿದ್ಯುತ್ ಜಾಲ, 50 ಹರ್ಟ್ಸ್ ಫ್ರೀಕ್ವೆನ್ಸಿ (ಕರೆಂಟ್ ಸೆಕೆಂಡಿಗೆ 50 ಸಲ ಮಿಡಿಯುವ ಲೆಕ್ಕ) ಮೇಲೆ ನಡೆಯೋದು, 49.90ರಿಂದ 50.05ರ ಒಳಗೆ ಇಟ್ಟುಕೊಳ್ಳಬೇಕು ಅಂತ ನಿಯಮ. ಮಧ್ಯಾಹ್ನ ಹನ್ನೆರಡಕ್ಕೆ ದೊಡ್ಡ ಪ್ರಮಾಣದ ಉತ್ಪಾದನೆ ಒಂದೇ ಕ್ಷಣಕ್ಕೆ ಬಿದ್ದರೆ ಆ ಅಂಕಿ ಕೆಳಗೆ ಜಾರುತ್ತೆ, ತೀರಾ ಜಾರಿದರೆ ಊರೂರಿಗೆ ಕರೆಂಟ್ ಹೋಗುತ್ತೆ. ಮನೆ ಮೇಲಿನ ಸೋಲಾರ್‌ಗೆ ಸಬ್ಸಿಡಿ ಕೊಡುವ ಪಿಎಂ ಸೂರ್ಯಘರ್ ಯೋಜನೆಯ ಗುರಿ 1 ಕೋಟಿ ಮನೆ, 75,021 ಕೋಟಿ ರೂಪಾಯಿ ಖರ್ಚು. ಅಷ್ಟು ಮನೆಗೂ ನಿಮ್ಮ ಹಾಗೆ ಮೂರು ಮೂರು ಕಿಲೋವ್ಯಾಟ್ ಅಂದ್ರೆ 30,000 ಮೆಗಾವ್ಯಾಟ್. ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವ್ಯಾಟ್, ಅದಕ್ಕೆ ಬೇಲಿ ಇದೆ, ಕಾವಲಿದೆ. ಅದರ ಹದಿನಾಲ್ಕು ಪಟ್ಟನ್ನು ಜನರ ಮನೆ ಮೇಲೆ ಇಟ್ಟು 12345678 ಅನ್ನುವ ಪಾಸ್‌ವರ್ಡನ್ನು ಕಾವಲಿಗೆ ಕೂರಿಸಿದರೆ ಹೇಗೆ? ಸಚಿವರ ಭಾಷಣದಲ್ಲಿ ಎಷ್ಟು ಮೆಗಾವ್ಯಾಟ್ ಆಯ್ತು ಅನ್ನೋದು ಬರುತ್ತೆ. ಲಾಗಿನ್ ಯಾರ ಹತ್ತಿರ ಇದೆ ಅನ್ನೋದು ಬರಲ್ಲ. ನನ್ನ ತಕರಾರು ಅದೇ.

ಪ್ರಶ್ನೆ (ಹಾಸನ): ಮುಂಬೈ ಕರೆಂಟ್ ಚೀನಾದವರು ತೆಗೆದರು ಅಂತಾರೆ. ನಮ್ಮೂರಲ್ಲೂ ಹಾಗಾಗಬಹುದಾ ಅಣ್ಣ? ಇಸ್ರೋದ ಉಪಗ್ರಹ ಕೇಂದ್ರ ಎಂಸಿಎಫ್ ಬೇರೆ ಇಲ್ಲೇ ಇದೆ.

ಉತ್ತರ: ಮುಂಬೈ ಕಥೆ 2020ರ ಅಕ್ಟೋಬರ್ 12ರದ್ದು. ಮುಂದಿನ ವರ್ಷ ಫೆಬ್ರವರಿಯಲ್ಲಿ ರೆಕಾರ್ಡೆಡ್ ಫ್ಯೂಚರ್ ಅನ್ನುವ ಅಮೆರಿಕದ ಕಂಪನಿ, ಚೀನಾ ನಂಟಿನ ಗುಂಪೊಂದು ನಮ್ಮ ವಿದ್ಯುತ್ ಜಾಲದೊಳಗೆ ನುಸುಳಿದೆ ಅಂತ ವರದಿ ಕೊಟ್ಟಿತು. ಅಂದಿನ ಇಂಧನ ಸಚಿವ ಆರ್.ಕೆ. ಸಿಂಗ್, ಮುಂಬೈಯಲ್ಲಿ ಕರೆಂಟ್ ಹೋಗಿದ್ದು ಮನುಷ್ಯರ ತಪ್ಪಿನಿಂದ ಅಂದರು. ನುಸುಳೋದು ಬೇರೆ, ಸ್ವಿಚ್ ಒತ್ತೋದು ಬೇರೆ. ಸುದ್ದಿ ಚಾನೆಲ್‌ನವರು ಎರಡನ್ನೂ ಒಂದು ಮಾಡಿಬಿಟ್ಟರು.

ನಿಜವಾಗಿ ಸ್ವಿಚ್ ಒತ್ತಿದ್ದು ಉಕ್ರೇನಿನಲ್ಲಿ, 2015ರ ಡಿಸೆಂಬರ್ 23ಕ್ಕೆ. ಕಂಟ್ರೋಲ್ ರೂಮಿನಲ್ಲಿ ಆಪರೇಟರ್ ನೋಡ್ತಾ ಕೂತಿದ್ದ ಹಾಗೇ ಮೌಸ್ ತಾನೇ ಓಡಾಡಿತು, ಒಂದೊಂದೇ ಬ್ರೇಕರ್ (ಲೈನಿನ ದೊಡ್ಡ ಸ್ವಿಚ್) ತೆರೆದು ಲೈನ್ ಕಟ್ ಆಯ್ತು. ಸುಮಾರು 2.25 ಲಕ್ಷ ಗ್ರಾಹಕರಿಗೆ ಕರೆಂಟ್ ಹೋಯ್ತು. ಇಷ್ಟಕ್ಕೆಲ್ಲ ಶುರು ತಿಂಗಳುಗಳ ಹಿಂದೆ ಬಂದಿದ್ದ ಒಂದು ಇಮೇಲ್, ಅದರ ಜೊತೆಗಿದ್ದ ಫೈಲ್, ಯಾರೋ ತೆರೆದಿದ್ದು. ಆದರೆ ಕೆಲವೇ ಗಂಟೆಗಳಲ್ಲಿ ಕರೆಂಟ್ ವಾಪಸ್ ಬಂತು. ಯಾಕೆ ಅಂದ್ರೆ ಅವರ ಸಿಬ್ಬಂದಿ ಗಾಡಿ ಹತ್ತಿ ಸಬ್‌ಸ್ಟೇಷನ್‌ಗಳಿಗೆ ಹೋಗಿ ಕೈಯಲ್ಲೇ ಬ್ರೇಕರ್ ಹಾಕಿದರು. ಕೈಯಲ್ಲಿ ಹಾಕೋಕೆ ಜನ ಇದ್ದರು, ಹಾಕೋದು ಗೊತ್ತಿತ್ತು. ಲೈನ್‌ಮನ್, ಆಪರೇಟರ್ ಹುದ್ದೆ ತುಂಬದೆ ಎಲ್ಲಾ ಕಂಪ್ಯೂಟರ್ ನೋಡ್ಕೊಳ್ಳುತ್ತೆ ಅನ್ನುವವರಿಗೆ ನಾನು ಈ ಕಥೆ ಹೇಳ್ತಾನೇ ಇರ್ತೀನಿ.

ಎಲ್ಲದಕ್ಕೂ ಹ್ಯಾಕರ್ ಕಾರಣ ಅಂದುಕೊಳ್ಳಬೇಡಿ. 2025ರ ಏಪ್ರಿಲ್ 28ಕ್ಕೆ ಸ್ಪೇನ್, ಪೋರ್ಚುಗಲ್ ಕತ್ತಲಾದಾಗ ಮೊದಲ ದಿನ ಎಲ್ಲರ ಬಾಯಲ್ಲೂ ಹ್ಯಾಕಿಂಗೇ. ತನಿಖೆಯಲ್ಲಿ ಸಿಕ್ಕಿದ್ದು ವೋಲ್ಟೇಜ್ ಏರಿಕೆ. 2012ರ ಜುಲೈಯಲ್ಲಿ ಉತ್ತರ, ಪೂರ್ವ, ಈಶಾನ್ಯ ಭಾರತದಲ್ಲಿ ಸುಮಾರು 60 ಕೋಟಿ ಜನರಿಗೆ ಕರೆಂಟ್ ಹೋದಾಗಲೂ ಹ್ಯಾಕರ್ ಇರಲಿಲ್ಲ. ಆಗ ನಮಗೆ ಏನೂ ಆಗಲಿಲ್ಲ, ದಕ್ಷಿಣದ ಗ್ರಿಡ್ ಇನ್ನೂ ಬೇರೆಯೇ ಇತ್ತು. ನಮ್ಮ ರಾಯಚೂರಿನಿಂದ ಸೊಲ್ಲಾಪುರಕ್ಕೆ 765 ಕೆವಿ ಲೈನ್ ಎಳೆದು 2013ರ ಡಿಸೆಂಬರ್ 31ಕ್ಕೆ ಜೋಡಿಸಿದ ಮೇಲೆ ದೇಶಕ್ಕೆಲ್ಲ ಒಂದೇ ಫ್ರೀಕ್ವೆನ್ಸಿ. ಲಾಭವೂ ಹಂಚಿಕೆ, ಅಪಾಯವೂ ಹಂಚಿಕೆ.

ಎಂಸಿಎಫ್ ಉಪಗ್ರಹ ನೋಡಿಕೊಳ್ಳುವ ಜಾಗ, ಅದಕ್ಕೂ ನಿಮ್ಮ ಬೀದಿಯ ಟಿಸಿಗೂ (ಟ್ರಾನ್ಸ್‌ಫಾರ್ಮರ್) ಸಂಬಂಧ ಇಲ್ಲ.

ಪ್ರಶ್ನೆ (ಸಕಲೇಶಪುರ): ತೋಟದ ಪಂಪಿಗೆ ಮೊಬೈಲ್ ಸ್ಟಾರ್ಟರ್ ಹಾಕಿದ್ದೇವೆ. ಕಾಫಿ ಹೂ ಬಿಡೋಕೆ ಬ್ಲಾಸಂ ನೀರು ಕೊಡೋ ಟೈಮಲ್ಲಿ ರಾತ್ರಿ ತಾನೇ ಆನ್ ಆಗಿತ್ತು. ಹ್ಯಾಕಾ?

ಉತ್ತರ: ರಾಂಗ್ ನಂಬರ್ ಇರಬಹುದು! ಎಷ್ಟೋ ಸ್ಟಾರ್ಟರ್‌ಗಳು ಯಾರು ಕಾಲ್ ಮಾಡಿದರೂ ಎತ್ತಿಕೊಳ್ಳುವ ಹಾಗೆ ಸೆಟ್ ಆಗಿರುತ್ತವೆ, ಬ್ಯಾಂಕಿನವರು ಸಾಲ ಬೇಕಾ ಅಂತ ಫೋನ್ ಮಾಡಿದರೂ ಮೋಟರ್ ಓಡುತ್ತೆ. ನಿಮ್ಮದು, ತೋಟ ನೋಡಿಕೊಳ್ಳುವ ರೈಟರ್‌ದು, ಇಷ್ಟೇ ನಂಬರ್ ಸೇರಿಸಿ, ಉಳಿದದ್ದೆಲ್ಲ ಬ್ಲಾಕ್ ಮಾಡಿ. ಎಸ್ಸೆಮ್ಮೆಸ್ ಕಮಾಂಡ್ ಪಾಸ್‌ವರ್ಡ್ ಬದಲಾಯಿಸಿ. ಆಟೋ ಸ್ಟಾರ್ಟ್ ಆನ್ ಇದೆಯಾ ಅಂತಲೂ ನೋಡಿ, ತ್ರೀಫೇಸ್ ಬಂದ ತಕ್ಷಣ ತಾನೇ ಓಡಿರಬಹುದು. ಕೆಲಸ ಬಿಟ್ಟು ಹೋದ ರೈಟರ್ ನಂಬರ್ ಇನ್ನೂ ಅದರಲ್ಲಿ ಇದೆಯಾ?

ಸಕಲೇಶಪುರ: ಇದೆ ಸರ್ 😐

ಪ್ರಶ್ನೆ (ಬೇಲೂರು): ಸ್ಮಾರ್ಟ್ ಮೀಟರ್ ಹಾಕಿದರೆ ಗೃಹಜ್ಯೋತಿ ಹೋಗುತ್ತೆ ಅಂತ ಪಕ್ಕದ ಮನೆಯವರು ಹೆದರಿಸ್ತಾರೆ. ನಾವು ಮನೇಲಿ ಏನು ಮಾಡ್ತೀವಿ ಅನ್ನೋದೂ ಅವರಿಗೆ ಗೊತ್ತಾಗುತ್ತಂತೆ ಹೌದಾ?

ಉತ್ತರ: ಮೇಡಂ, ಗೃಹಜ್ಯೋತಿ ಯೂನಿಟ್ ಲೆಕ್ಕದ ಮೇಲೆ. 2022-23ರ ನಿಮ್ಮ ಸರಾಸರಿ ಬಳಕೆ, ಅದರ ಮೇಲೆ ಶೇ 10 (ಸರಾಸರಿ 48 ಯೂನಿಟ್‌ಗಿಂತ ಕಮ್ಮಿ ಇದ್ದರೆ ಶೇ 10ರ ಬದಲು 10 ಯೂನಿಟ್), ಒಟ್ಟು 200 ಯೂನಿಟ್ ಮೀರಬಾರದು. ಮೀಟರ್ ಯಾವುದು ಅನ್ನೋದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಎರಡನೇದು ಅರ್ಧ ನಿಜ. ನೀವು ಯಾವ ಸೀರಿಯಲ್ ನೋಡ್ತೀರಿ ಅಂತ ಗೊತ್ತಾಗಲ್ಲ. ಆದರೆ ಈ ಮೀಟರ್ ಹದಿನೈದು ನಿಮಿಷಕ್ಕೋ ಅರ್ಧ ಗಂಟೆಗೋ ಒಂದು ಸಲ ಬಳಕೆ ಬರೆದುಕೊಳ್ಳುತ್ತೆ. ಬೆಳಿಗ್ಗೆ ಗೀಸರ್ ಎಷ್ಟು ಹೊತ್ತಿಗೆ ಹಾಕಿದಿರಿ, ಮನೆಗೆ ಬೀಗ ಹಾಕಿ ಎಷ್ಟು ದಿನ ಆಯ್ತು, ಇವು ಆ ಅಂಕಿಯಿಂದ ತಿಳಿಯುತ್ತೆ. ಆ ಡೇಟಾ ಯಾರು ನೋಡಬಹುದು, ಎಷ್ಟು ವರ್ಷ ಇಡ್ತಾರೆ ಅಂತ ಬಿಲ್ಲಿನ ಹಿಂದೆ ಕನ್ನಡದಲ್ಲಿ ಅಚ್ಚು ಹಾಕಲಿ ಅನ್ನೋದು ನನ್ನ ಬೇಡಿಕೆ.

ನನಗೆ ಇದಕ್ಕಿಂತ ಚಿಂತೆ ಮೀಟರ್ ಒಳಗಿರುವ ಸ್ವಿಚ್. ಹಳೇ ಮೀಟರ್ ಇದ್ದಾಗ ಕನೆಕ್ಷನ್ ಕಟ್ ಮಾಡಲು ಲೈನ್‌ಮನ್ ಕಂಬ ಹತ್ತಬೇಕಿತ್ತು, ನೀವು ಬಾಗಿಲಲ್ಲಿ ನಿಂತು ಎರಡು ದಿನ ಟೈಮ್ ಕೊಡಿ ಅಂತ ಅವರನ್ನು ಕೇಳಬಹುದಿತ್ತು. ಈಗ ಕಚೇರಿಯಿಂದಲೇ ಆಗುತ್ತೆ. ದೇಶದಲ್ಲಿ 25 ಕೋಟಿ ಸ್ಮಾರ್ಟ್ ಮೀಟರ್ ಹಾಕುವ ಗುರಿ ಇದೆ, ಅಂದ್ರೆ 25 ಕೋಟಿ ಆಫ್ ಸ್ವಿಚ್. ಒಂದು ಗಂಟೆಗೆ ಇಷ್ಟು ಮನೆಗಿಂತ ಜಾಸ್ತಿ ಕಟ್ ಮಾಡಲು ಯಾವ ಲಾಗಿನ್‌ಗೂ ಆಗದ ಹಾಗೆ ಮಿತಿ ಬೇಕು. ಮೀಟರ್ ಬೆಲೆ ಬಗ್ಗೆ ರಾಜ್ಯದಲ್ಲಿ ದೊಡ್ಡ ಗಲಾಟೆಯಾಯ್ತು, ಒಳ್ಳೇದೇ. ಈ ಸ್ವಿಚ್ ಬಗ್ಗೆ ಮಾತ್ರ ಯಾರೂ ಬಾಯಿ ಬಿಡಲಿಲ್ಲ.

ಪ್ರಶ್ನೆ (ಅರಸೀಕೆರೆ): ಇವತ್ತು ರಾತ್ರಿ 9.30ಕ್ಕೆ ಕರೆಂಟ್ ಕಟ್ ಅಂತ ಮೆಸೇಜ್ ಬಂತು. ಮಾವ ಆ ನಂಬರಿಗೆ ಫೋನ್ ಮಾಡಿ, ಅವರು ಕಳಿಸಿದ ಎಪಿಕೆ (ಆ್ಯಪ್ ಫೈಲ್) ಹಾಕಿಕೊಂಡಿದ್ದಾರೆ!

ಉತ್ತರ: ಇದನ್ನು ಓದ್ತಾ ಕೂರಬೇಡಿ. ಫೋನ್ ಏರೋಪ್ಲೇನ್ ಮೋಡ್‌ಗೆ ಹಾಕಿ, ಬೇರೆ ಫೋನಿಂದ ಬ್ಯಾಂಕಿಗೆ ಹೇಳಿ ಖಾತೆ ತಡೆಹಿಡಿಸಿ, ದುಡ್ಡು ಹೋಗಿದ್ದರೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕಾಲ್ ಮಾಡಿ. ಆಮೇಲೆ ಫೋನ್ ರೀಸೆಟ್. ಉಳಿದವರಿಗೆ: ಕೆಇಬಿಯವರು ಹತ್ತಂಕಿ ನಂಬರಿಂದ ಇಂಥ ಮೆಸೇಜ್ ಕಳಿಸಲ್ಲ. ಅಸಲಿ ಮೆಸೇಜಿನಲ್ಲಿ ಕಳಿಸಿದವರ ಹೆಸರಿನ ಕೊನೆಗೆ ಎಸ್, ಟಿ, ಜಿ ಇಂಥ ಒಂದಕ್ಷರ ಇರುತ್ತೆ.

ಪ್ರಶ್ನೆ (ಕೊಪ್ಪ): ಮಳೆಗಾಲದಲ್ಲಿ ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲ. ಮಧ್ಯೆ ಬಿಸಿಲು ಬಂದರೂ ಸೋಲಾರ್ ಬಂದ್. ಮತ್ತೆ ಯಾಕೆ ಹಾಕಿಸಿದ್ದು?

ಉತ್ತರ: ಲೈನಿನಲ್ಲಿ ಕರೆಂಟ್ ಇಲ್ಲದಾಗ ಲೈನಿಗೆ ಜೋಡಿಸಿದ ಗ್ರಿಡ್ ಸೋಲಾರ್ ನಿಲ್ಲಲೇಬೇಕು. ಇಲ್ಲದಿದ್ದರೆ ನಿಮ್ಮ ಮನೆ ಕರೆಂಟ್ ಲೈನಿಗೆ ಹರಿದು, ಕಂಬದ ಮೇಲಿರುವ ಲೈನ್‌ಮನ್ ಜೀವ ಹೋಗುತ್ತೆ. ಬ್ಯಾಟರಿ, ಅದರ ಜೊತೆ ನಡೆಯುವ ಹೈಬ್ರಿಡ್ ಇನ್ವರ್ಟರ್ ಇದ್ದರೆ ಮನೆ ಲೈನಿನಿಂದ ಬೇರೆಯಾಗಿ ನಡೆಯುತ್ತೆ. ಸಬ್ಸಿಡಿ ಪ್ಯಾನೆಲ್ ಕಿಲೋವ್ಯಾಟಿಗೆ, ಬ್ಯಾಟರಿಗೆ ಇಲ್ಲ. ಇದು ಬಯಲುಸೀಮೆ ನೋಡಿ ಬರೆದ ಯೋಜನೆ ಅಂತ ನನಗೆ ಅನಿಸೋದು ಇಲ್ಲೇ. ಮೆಸ್ಕಾಂನವರು ಎಷ್ಟು ಓಡಾಡಿದರೂ ಜುಲೈಯಲ್ಲಿ ಮಲೆನಾಡಿನ ಲೈನ್ ಮಲೆನಾಡಿನ ಲೈನೇ. ಇಲ್ಲಿಗೆ ಎರಡು ಪ್ಯಾನೆಲ್ ಕಮ್ಮಿ ಮಾಡಿ ಆ ದುಡ್ಡು ಬ್ಯಾಟರಿಗೆ ಕೊಡಲಿ.

ಚಿಕ್ಕಮಗಳೂರಿನ ಒಬ್ಬ ವೆಂಡರ್: ಸರ್, ಲಾಗಿನ್ ಬಗ್ಗೆ ಹೇಳಿದ್ದಕ್ಕೆ ನನ್ನ ವಿರೋಧ ಇದೆ. ಎಲ್ಲಾ ಗ್ರಾಹಕರ ಪ್ಲಾಂಟೂ ನನ್ನ ಖಾತೆಯಲ್ಲೇ ಇಟ್ಟಿದ್ದೇನೆ. ಅವರಿಗೆ ಕೊಟ್ಟರೆ ಸೆಟ್ಟಿಂಗ್ ಕೆಡಿಸಿ ನನಗೇ ಫೋನ್ ಮಾಡ್ತಾರೆ.

ಉತ್ತರ: ನಿಮ್ಮ ಕಷ್ಟ ಗೊತ್ತು. ಆದರೆ ಮನೆ ಕಟ್ಟಿದ ಮೇಸ್ತ್ರಿ ಊರಿನವರ ಬೀಗದ ಕೈಯೆಲ್ಲಾ ಒಂದೇ ಗೊಂಚಲಲ್ಲಿ ಜೇಬಲ್ಲಿಟ್ಟುಕೊಂಡು ತಿರುಗಿದ ಹಾಗಾಯ್ತಲ್ಲ ಇದು. ನಿಮ್ಮ ಒಂದು ಪಾಸ್‌ವರ್ಡ್ ಹೋದರೆ ಎಲ್ಲರದ್ದೂ ಹೋಯ್ತು. ಮಾಲೀಕರ ಖಾತೆ ಗ್ರಾಹಕರ ಹೆಸರಿಗೆ ಮಾಡಿ, ನಿಮ್ಮನ್ನು ಇನ್‌ಸ್ಟಾಲರ್ ಅಂತ ಸೇರಿಸಿಕೊಳ್ಳಲಿ. ಸೆಟ್ಟಿಂಗ್ ಅಧಿಕಾರ ನಿಮಗೇ ಇರುತ್ತೆ, ಬೇಡ ಅಂದಾಗ ಅವರು ತೆಗೆಯಬಹುದು.

ವೆಂಡರ್: ಹಳೇ ಪ್ಲಾಂಟ್‌ಗಳನ್ನ ವರ್ಗಾಯಿಸೋಕೆ ಆಗುತ್ತಾ? ಡೇಟಾ ಹೋಗಲ್ವಾ?

ಉತ್ತರ: ಹೆಚ್ಚಿನ ಆ್ಯಪ್‌ಗಳಲ್ಲಿ ಪ್ಲಾಂಟ್ ವರ್ಗಾವಣೆ ಅಂತಲೇ ಆಯ್ಕೆ ಇದೆ, ಹಳೇ ಯೂನಿಟ್ ಲೆಕ್ಕ ಉಳಿಯುತ್ತೆ. ಪ್ಲಾಂಟ್ ಡಿಲೀಟ್ ಮಾಡಿ ಹೊಸದಾಗಿ ಸೇರಿಸಬೇಡಿ, ಆಗ ಲೆಕ್ಕ ಹೋಗುತ್ತೆ. ಮೊದಲು ನಿಮ್ಮ ಖಾತೆಗೆ ಓಟಿಪಿ ಹಾಕಿಕೊಳ್ಳಿ, ಆಮೇಲೆ ಒಂದು ಮನೆಯದ್ದು ಮಾಡಿ ನೋಡಿ. ಯಾವ ಕಂಪನಿ ಆ್ಯಪ್ ಅಂತ ಇನ್‌ಬಾಕ್ಸ್‌ಗೆ ಹಾಕಿ, ಎಲ್ಲಿ ಒತ್ತಬೇಕು ಅಂತ ಹೇಳ್ತೀನಿ.